ಮಾವ ಹೆಡ್ ಕ್ಲಾರ್ಕರನ್ನು ಕೊಂದದ್ದು

ನನ್ನ ಸೋದರಮಾವ ತನ್ನ ಹೆಡ್ ಕ್ಲಾರ್ಕರನ್ನು ಕೊಂದದ್ದು ಒಂದು ಸೋಮವಾರ, ಹನ್ನೊಂದು ಗಂಟೆಯ ಚಹಾ ಆದ ಕೂಡಲೇ. ಕೊಂದವ ತಲೆ ತಪ್ಪಿಸಿಕೊಂಡನೇ? ಇಲ್ಲ! ನೆಟ್ಟಗೆ ಅದೇ ಹೆಡ್ ಕ್ಲಾರ್ಕರ ಮೇಜಿನೆದುರು ಹೋಗಿ ನಿಂತು, ಮಧ್ಯಾಹ್ನದ ಮೇಲೆ ರಜೆ ಕೇಳಿದ. ಅವರೂ ಕೊಟ್ಟರು!

ಗಾಬರಿಯಾಗಬೇಡಿ. ಕೊಲೆ ನಡೆದದ್ದು ಕಾದಂಬರಿಯಲ್ಲಿ. ಅದು ಅರವತ್ತರ ದಶಕದ ಹೊನ್ನಾವರ. ಅಲ್ಲಿಯ ಒಂದು ಕಚೇರಿಯಲ್ಲಿ ಮಾವ ದಫ್ತರದ ಕೋಣೆಯ ಗುಮಾಸ್ತ, ನಾನು ಟೈಪಿಸ್ಟ್. ಹಳೇ ಕಡತಗಳ ಕಟ್ಟು ಬಿಚ್ಚಿ, ಕಟ್ಟಿ, ಬೇಸತ್ತ ಮಾವನಿಗೆ ಪತ್ತೇದಾರಿ ಕಾದಂಬರಿ ಬರೆಯುವ ಹುಚ್ಚು ಹಿಡಿದಿತ್ತು. ಕಥೆ ನಡೆಯುವುದು ಕಚೇರಿಯಲ್ಲಿ. ಸಾಯುವವರು ಹೆಡ್ ಕ್ಲಾರ್ಕು. ಪತ್ತೆ ಮಾಡುವವ ದಫ್ತರದ ಕೋಣೆಯ ಗುಮಾಸ್ತ. ಥೇಟ್ ಮಾವನೇ, ತಲೆತುಂಬ ಕೂದಲು ಮಾತ್ರ ಹೆಚ್ಚುವರಿ!

"ಕೊಂದಾತು ಕೂಸೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಯಾರು ಕೊಂದಿದ್ದು ಮಾವ?"

"ಅದು ನಂಗೂ ಗೊತ್ತಿಲ್ಲೆ. ಹುಡುಕವು."

ಹುಡುಕತೊಡಗಿದನಲ್ಲ, ಆಗ ಶುರುವಾಯಿತು ಪಜೀತಿ. ತನ್ನ ಕೋಣೆಯಿಂದ ಹೆಡ್ ಕ್ಲಾರ್ಕರ ಕುರ್ಚಿಯ ಬೆನ್ನಿನವರೆಗೆ ಸದ್ದಿಲ್ಲದೆ ಹೋಗಲು ಎಷ್ಟು ಹೆಜ್ಜೆ ಬೇಕೆಂದು ದಿನಕ್ಕೆ ನಾಲ್ಕು ಸಲ ಬೆಕ್ಕಿನಂತೆ ನಡೆದ. ಅವರು ತಿರುಗಿ ನೋಡಿದಾಗಲೆಲ್ಲ "ಶಾಯಿ ಉಂಟೇ?" ಎಂದ. ವಾರದೊಳಗೆ ಮಾವನ ಮೇಜಿನ ಮೇಲೆ ಆರು ದೌತಿ ಶಾಯಿ! ಪೇಟೆಯ ಡಾಕ್ಟರರ ಬಳಿ ಹೋಗಿ, ಚಹಾದಲ್ಲಿ ರುಚಿ ಗೊತ್ತಾಗದ ವಿಷ ಯಾವುದೆಂದು ಕೇಳಿದ. ಡಾಕ್ಟರು ವಿಷದ ಹೆಸರು ಹೇಳುವ ಬದಲು ಅತ್ತೆಗೆ ಸುದ್ದಿ ಮುಟ್ಟಿಸಿದರು. ಅತ್ತೆ ಒಂದು ಮಾತೂ ಬೈಯಲಿಲ್ಲ. ಸಂಜೆ ಚಹಾದ ಲೋಟ ಎದುರಿಗಿಟ್ಟು, "ಕುಡೀರಿ. ರುಚಿ ಗೊತ್ತಾದ್ರೆ ಹೇಳಿ," ಎಂದಳು. ಮಾವ ಎಂಟು ದಿನ ಚಹಾ ಬಿಟ್ಟ.

ಇಂಥ ಗುಟ್ಟು ಎಷ್ಟು ದಿನ ನಿಂತೀತು? ಕಚೇರಿಗೆ ಟಪಾಲು, ಚಹಾ ತರುವ ಪಟ್ಟೇವಾಲ ಒಂದು ದಿನ ಸಿಟ್ಟಾಗಿ ಬಂದು ನಿಂತ. ಯಾರೋ ಅವನಿಗೆ ಕಥೆ ಓದಿ ಹೇಳಿದ್ದರಂತೆ.

"ಎಲ್ಲರ ಮೇಲೂ ಸಂಶಯ ಉಂಟಂತೆ, ನನ್ನ ಮೇಲೆ ಮಾತ್ರ ಇಲ್ವಂತೆ! ದಿನಾ ಚಾ ತಂದು ಕೊಡೂದು ನಾನಲ್ರಾ? ನಂಗೆ ಎಂತ, ವಿಷ ಹಾಕೂಕೆ ಬರೂದಿಲ್ವಾ?"

ಮಾವ ತಪ್ಪೊಪ್ಪಿಕೊಂಡು ಅವನಿಗೆ ಮೂರು ಪುಟದ ಸಂಶಯ ಒದಗಿಸಿದ. ಪಟ್ಟೇವಾಲ ಎದೆಯುಬ್ಬಿಸಿಕೊಂಡು ಓಡಾಡಿದ.

ಕೊನೆಗೆ ಸುದ್ದಿ ಸತ್ತವರಿಗೇ ತಲುಪಿತು! ಹೆಡ್ ಕ್ಲಾರ್ಕರು ಮದುವೆಯಿಲ್ಲದ, ನಗುವಿನ ಗುರುತಿಲ್ಲದ ಮನುಷ್ಯ. ಬರೆದದ್ದನ್ನೆಲ್ಲ ತರಿಸಿಕೊಂಡು, ಕೆಂಪು ಶಾಯಿಯ ಪೆನ್ನು ಹಿಡಿದು ಓದಿದರು. ನಾನು ಟೈಪು ನಿಲ್ಲಿಸಿದೆ. ಮಾವನ ನೌಕರಿ ಹೋಯಿತೆಂದೇ ಎಲ್ಲರೂ ಅಂದುಕೊಂಡರು.

"ಇದೇನ್ರೀ ಇದು? ನಾನು ಕುರ್ಚಿಯಲ್ಲಿ ಕಾಲು ಚಾಚಿ ಸತ್ತೆ ಎಂದು ಬರೆದಿದ್ದೀರಿ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಎಂದಾದರೂ ಕಾಲು ಚಾಚಿ ಕೂತಿದ್ದೇನೆಯೇ?"

"ತಪ್ಪಾಯ್ತು ಸಾಹೇಬ್ರೆ."

"ಮಡಿಸಿ."

ಮಾವ ಮಡಿಸಿದ. ಅಂದಿನಿಂದ ಪ್ರತಿ ಅಧ್ಯಾಯವೂ ಹೆಡ್ ಕ್ಲಾರ್ಕರ ಮೇಜಿಗೆ ಹೋಗಿ, ಕಾಗುಣಿತ ತಿದ್ದಿಸಿಕೊಂಡು ವಾಪಸು ಬಂತು.

ಹೀಗಿರುವಾಗ ಒಂದು ದಿನ, ಅದೂ ಚಹಾ ಕುಡಿದ ಮೇಲೆಯೇ, ಹೆಡ್ ಕ್ಲಾರ್ಕರು ಎದೆ ಹಿಡಿದುಕೊಂಡು ಮೇಜಿನ ಮೇಲೆ ಕುಸಿದರು! ಪಟ್ಟೇವಾಲ ಕೈಯಲ್ಲಿದ್ದ ಕೆಟಲ್ ಬಿಟ್ಟು, "ನಾನಲ್ಲ! ನಾನೆಂತದೂ ಹಾಕ್ಲಿಲ್ಲ!" ಎಂದು ಕೂಗಿದ. ಎಲ್ಲರೂ ಮಾವನ ಮುಖ ನೋಡಿದರು. ಡಾಕ್ಟರು ಬಂದು, ಹೃದಯದ ಕಾಯಿಲೆ, ಬಹಳ ಹಳೆಯದು ಎಂದರು. ಹೆಡ್ ಕ್ಲಾರ್ಕರು ಯಾರಿಗೂ ಹೇಳಿರಲಿಲ್ಲವಷ್ಟೆ. ನಾಲ್ಕು ದಿನ ಬಿಟ್ಟು ಅವರನ್ನು ಕಾಯ್ಕಿಣಿಯಲ್ಲಿದ್ದ ತಂಗಿಯ ಮನೆಗೆ ಕರೆದೊಯ್ದರು.

ಮಾವನಿಗೆ ಅನ್ನ ಸೇರದಾಯಿತು. "ನಾ ಬರೀದೇ ಇದ್ದಿದ್ರೆ ಹಿಂಗೆ ಆಗ್ತಿತ್ತಿಲ್ಲೆ ಕೂಸೆ," ಎಂದು ಒಂದೇ ಮಾತು. ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಟ. ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ಕಾಯ್ಕಿಣಿ ಮುಟ್ಟುವವರೆಗೂ ಚೀಲವೊಂದನ್ನು ಎದೆಗವಚಿಕೊಂಡೇ ಇದ್ದ. ಕಾದಂಬರಿ ಚೀಲದಲ್ಲಿತ್ತು. ಅವರೆದುರೇ ಒಲೆಗೆ ಹಾಕಿಬಿಡುವುದೆಂದು ಅವನ ನಿರ್ಧಾರ.

ಹೆಡ್ ಕ್ಲಾರ್ಕರು ಜಗುಲಿಯ ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಮಾವ ತಡವರಿಸುತ್ತ ಒಲೆಯ ವಿಚಾರ ಹೇಳಿದ.

"ಬೇಡ," ಎಂದರು ಅವರು. "ಪೆನ್ನಿನ ಟೋಪಿ ಎರಡು ಸಲ ತಿರುಗಿಸುತ್ತೇನೆ, ಮಳೆ ಬಂದರೆ ಮೊದಲು ಕಿಟಕಿ ಹತ್ತಿರದ ಕಡತ ಸರಿಸುತ್ತೇನೆ ಎಂದೆಲ್ಲ ಬರೆದಿದ್ದೀರಿ. ತಾಯಿ ಹೋದ ಮೇಲೆ ನನ್ನನ್ನು ಅಷ್ಟು ನೋಡಿದವರು ಯಾರೂ ಇಲ್ಲರೀ."

ಮಾವ ಚೀಲದ ಬಾಯಿ ಕಟ್ಟಿದ. ಅದನ್ನು ಮಡಿಲಲ್ಲಿಟ್ಟುಕೊಂಡು ಅವರ ಮಂಚದ ಬಳಿ ಕೂತ.

ಆಮೇಲೆ ಅವರು ಬದುಕಿದ್ದು ಐದು ತಿಂಗಳು. ಮಾವ ಒಂದು ಭಾನುವಾರವೂ ತಪ್ಪಿಸದೆ ಲಾಂಚು ಹತ್ತಿದ. ಕೊಲೆಗಾರನನ್ನು ಹುಡುಕುವುದನ್ನು ಬಿಟ್ಟೇಬಿಟ್ಟಿದ್ದ. ಅಲ್ಲಿ ಹೋಗಿ ಪೇಟೆಯ ಸುದ್ದಿ ಹೇಳುತ್ತಿದ್ದ, ಅವರ ಗಡ್ಡ ಹೆರೆಯುತ್ತಿದ್ದ. ಕೊನೆಯ ಸಲ ನಾನು ಹೋದಾಗ, ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಗುರು ತೆಗೆಯುತ್ತಿದ್ದ. ನಾನು ಜಗುಲಿ ಹತ್ತುತ್ತಿದ್ದಂತೆ ತುಟಿಗೆ ಬೆರಳಿಟ್ಟ.

"ಮಾತಾಡಡ ಕೂಸೆ," ಎಂದ ಪಿಸುಮಾತಿನಲ್ಲಿ. "ಈಗಷ್ಟೇ ನಿದ್ದೆ ಹತ್ತಿದ್ದು."