ಪೂಜೆಗೆ ಕೂತ ಆಯಿಲ್ ಕಡ್ಡಿ

ಕಾರಿನ ಎಂಜಿನ್ ಆಯಿಲ್ ನೋಡುವುದು ಬ್ರಹ್ಮವಿದ್ಯೆಯೇನಲ್ಲ. ಅದಕ್ಕೊಂದು ಕಡ್ಡಿ ಇರುತ್ತದೆ. ಎಳೆಯಬೇಕು, ಒರೆಸಬೇಕು, ಮತ್ತೆ ಒಳಗೆ ಹಾಕಬೇಕು, ಮತ್ತೆ ಎಳೆದು ನೋಡಬೇಕು. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿರುತ್ತವೆ. ಎಣ್ಣೆ ಅವೆರಡರ ನಡುವೆ ನಿಂತಿದ್ದರೆ ಬಾನೆಟ್ ಮುಚ್ಚಿ ಕಾಫಿ ಕುಡಿಯಲು ಹೋಗಬಹುದು. ಇಷ್ಟನ್ನೂ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದೆ. ಹುಳಿಗೆ ಒಗ್ಗರಣೆ ಹಾಕುವುದು ಇದಕ್ಕಿಂತ ಕಷ್ಟ ಎಂದು ನಮ್ಮವರ ಮುಂದೆ ಘಂಟಾಘೋಷವಾಗಿ ಸಾರಿಯೂ ಬಿಟ್ಟಿದ್ದೆ.

ಸಾರಲು ಕಾರಣವಿತ್ತು. ನಮ್ಮವರು ಬೆಂಗಳೂರಿನ ಟ್ರಾಫಿಕ್ಕಿಗೆ ಕೈಮುಗಿದು, ಇನ್ನು ಜನ್ಮದಲ್ಲಿ ಕಾರು ಮುಟ್ಟುವುದಿಲ್ಲ ಎಂದು ಸ್ಕೂಟರ್ ಹಿಡಿದವರು. ಐವತ್ತರ ಅಂಚಿನಲ್ಲಿ ಡ್ರೈವಿಂಗ್ ಕಲಿತು ಆ ಸ್ಟೀರಿಂಗ್ ಹಿಡಿದವಳು ನಾನು. "ಸ್ವಲ್ಪ ಬಿಟ್ಟು ಬರ್ತೀರಾ" ಎಂದು ಯಾರ ಬಾಯನ್ನೂ ನೋಡದೆ, ನನ್ನ ಪಾಡಿಗೆ ನಾನು ಹನುಮಂತನಗರದಿಂದ ಜಯನಗರಕ್ಕೆ ಹೋಗಿ ಬರುವ ಸುಖವನ್ನು ಹೇಗೆ ಹೇಳಲಿ! ಆ ಸುಖಕ್ಕೇ ಈ ದಸರಾದಲ್ಲಿ ಕುತ್ತು ಬಂತು.

"ಹಬ್ಬ ಮುಗೀಲಿ, ಕಾರು ಮಾರ್ಬಿಡೋಣ" ಎಂದರು ನಮ್ಮವರು. "ಓಡಿಸೋಕೆ ನೀನಿದ್ದೀಯ, ಸರಿ. ನೋಡ್ಕೊಳ್ಳೋರು ಯಾರು? ಒಳಗೆ ಆಯಿಲ್ ಇದೆಯೋ ಗಾಳಿ ಇದೆಯೋ ನಮ್ಮಿಬ್ರಿಗೂ ಗೊತ್ತಿಲ್ಲ. ಒಂದಿನ ನಡುರಸ್ತೇಲಿ ನಿಂತ್ಕೊಳ್ಳುತ್ತೆ ನೋಡು."

"ನಾನು ನೋಡ್ಕೋತೀನಿ ರೀ."

"ಆಯ್ತು. ಹಬ್ಬ ಮುಗಿಯೋವರೆಗೂ ಎಲ್ಲೂ ಕೈಕೊಡದೆ ಓಡ್ಲಿ. ಆಮೇಲೆ ನಾನು ಮಾರೋ ಮಾತೇ ಎತ್ತಲ್ಲ."

ಹೀಗೆ ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದವಳೇ ಬಾನೆಟ್ ಎತ್ತಿದೆ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ನಮ್ಮ ಬೀದಿ ಗುಡ್ಡದ ಇಳಿಜಾರು. ಸಮತಟ್ಟಾದ ಜಾಗ ಬೇಕೆಂದರೆ ಕಾರನ್ನು ನಡುಮನೆಗೆ ತರಬೇಕು! ಇರಲಿ ಎಂದು ಕಡ್ಡಿ ಎಳೆದೆ. ತಲೆಯ ಕಡೆ ಹಳದಿ ಉಂಗುರವಿದ್ದ ಉದ್ದನೆಯ ಕಡ್ಡಿ ಸರ್ರನೆ ಈಚೆ ಬಂತು. ಒರೆಸಲು ಬಟ್ಟೆ ಬೇಕಿತ್ತು. ಕಡ್ಡಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಅಡುಗೆಮನೆಯಲ್ಲಿ ಹೂರಣ ತಳ ಹಿಡಿಯುತ್ತಿತ್ತು. ಹೂರಣ ಕೆದಕಿದೆ, ಕಣಕ ನಾದಿದೆ, ಹೋಳಿಗೆ ತಟ್ಟಿದೆ. ಬಟ್ಟೆಯ ನೆನಪಾದಾಗ ಮನೆಯೊಳಗೆ ಮಂಗಳಾರತಿಯ ಗಂಟೆ ಹೊಡೆಯುತ್ತಿತ್ತು.

ಕಟ್ಟೆಯ ಮೇಲೆ ಕಡ್ಡಿ ಇರಲಿಲ್ಲ. ದೇವರಮನೆಯಲ್ಲಿ ಇಣುಕಿದೆ. ನಮ್ಮತ್ತೆ ಮನೆಯಲ್ಲಿದ್ದ ಕಬ್ಬಿಣದ ಸಾಮಾನನ್ನೆಲ್ಲ ಮಣೆಯ ಮೇಲೆ ಓರಣವಾಗಿ ಜೋಡಿಸಿದ್ದರು. ಸುತ್ತಿಗೆ, ಕತ್ತರಿ, ಈಳಿಗೆ ಮಣೆ, ಸ್ಕ್ರೂಡ್ರೈವರ್. ಅವುಗಳ ನಡುವೆ, ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿಸಿಕೊಂಡು, ಅರಿಶಿನ ಕುಂಕುಮ ಇಡಿಸಿಕೊಂಡು, ತಲೆಗೊಂದು ಸೇವಂತಿಗೆ ಮುಡಿದು ನಮ್ಮ ಆಯಿಲ್ ಕಡ್ಡಿ ವಿರಾಜಮಾನವಾಗಿತ್ತು!

"ಅತ್ತೆ, ಅದು ಕಾರಿನದು! ಕೊಡಿ."

"ಗೊತ್ತು ಕಣೇ. ಕಾರಿಗೂ ಒಂದು ಆಯುಧ ಬೇಡ್ವಾ? ನೀನೇ ಎತ್ತಿಟ್ಟಿದ್ದೆ ಅಂದ್ಕೊಂಡೆ."

"ಅದನ್ನ ವಾಪಸ್ ಹಾಕ್ಬೇಕು."

"ಪೂಜೆಗೆ ಕೂರಿಸಿದ್ದನ್ನ ನಾಳೆ ಬೆಳಿಗ್ಗೆವರೆಗೂ ಕದಲಿಸೋ ಹಾಗಿಲ್ಲ. ಅಪಶಕುನದ ಕೆಲಸ ಮಾಡ್ಬೇಡ."

ನಾನು ತರ್ಕ ಹೂಡಿದೆ. ಅದು ಅಳತೆಯ ಕಡ್ಡಿ ತಾನೆ? ಥರ್ಮಾಮೀಟರ್ ಡಬ್ಬಿಯಲ್ಲಿದ್ದರೆ ಜ್ವರ ಏರುತ್ತದೆಯೇ? ಪಾವು ಕಳೆದುಹೋದರೆ ಡಬ್ಬದ ಅಕ್ಕಿ ಖಾಲಿಯಾಗುತ್ತದೆಯೇ? ಇಲ್ಲ. ಹಾಗಾದರೆ ನಾಳೆ ಹಾಕಿದರಾಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿ ಬಾನೆಟ್ ಮುಚ್ಚಿದೆ. ಕಾರಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆಯನ್ನೂ ಮುಗಿಸಿದೆ.

ಸಂಜೆ ಅತ್ತೆಯನ್ನು ಗೊಟ್ಟಿಗೆರೆಯ ಅವರ ತಂಗಿಯ ಮನೆಗೆ ಕರೆದುಕೊಂಡು ಹೊರಟೆ. ಅಲ್ಲಿ ಗೊಂಬೆ ಕೂರಿಸಿದ್ದರು, ಆರತಿಗೆ ಕರೆದಿದ್ದರು. ನಮ್ಮವರು ಹೋಳಿಗೆ ಊಟದ ನಿದ್ದೆಯಲ್ಲಿದ್ದರು. ಕಾರು ಬನಶಂಕರಿ ದಾಟುವವರೆಗೆ ಸುಮ್ಮನಿತ್ತು. ಸಾರಕ್ಕಿ ಸಿಗ್ನಲ್ ಹತ್ತಿರ ಬರುವಾಗ ಮೂಗಿಗೆ ವಾಸನೆ ಬಡಿಯಿತು.

"ಯಾರೋ ಬೋಂಡಾ ಕರೀತಿದ್ದಾರೆ. ಎಣ್ಣೆ ಅತಿಯಾಗಿ ಕಾದಿದೆ" ಎಂದರು ಅತ್ತೆ.

ಬೋಂಡಾ ಕರಿಯುತ್ತಿದ್ದುದು ನಮ್ಮ ಕಾರೇ! ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಪಕ್ಕದ ಆಟೋದವನು ಬಗ್ಗಿ ನೋಡಿ, "ಏನ್ ಮೇಡಂ, ಊದುಬತ್ತಿ ಒಳಗೇ ಬಿಟ್ಬಿಟ್ರಾ?" ಎಂದು ಕೇಳಿದ. ಹಬ್ಬದ ದಿನ ಕಾರಿನಿಂದ ಹೊಗೆ ಬಂದರೆ ಜನ ಕೈಮುಗಿದು ಮುಂದೆ ಹೋಗುತ್ತಾರೆಯೇ ಹೊರತು ಗಾಬರಿಯಾಗುವುದಿಲ್ಲ. ಗಾಬರಿಯ ಪೂರ್ತಿ ಗುತ್ತಿಗೆ ನನ್ನದೇ ಆಗಿತ್ತು. ಹೇಗೋ ಸಿಗ್ನಲ್ ದಾಟಿ ಪಕ್ಕಕ್ಕೆ ನಿಲ್ಲಿಸಿ, ಹಾರ ಬಿಚ್ಚಿ, ಬಾನೆಟ್ ಎತ್ತಿದೆ. ಒಳಗೆಲ್ಲ ಎಣ್ಣೆಯ ಅಭ್ಯಂಜನವಾಗಿತ್ತು. ಕಡ್ಡಿ ಇರಬೇಕಾದ ತೂತಿನಿಂದ ಎಣ್ಣೆ ಸಿಡಿದು, ಬಿಸಿ ಕಬ್ಬಿಣದ ಮೇಲೆ ಬಿದ್ದು, ಚುಂಯ್ ಎನ್ನುತ್ತಿತ್ತು. ಆ ಕಡ್ಡಿ ಅಳತೆಗೋಲು ಮಾತ್ರವಲ್ಲ, ಬಿರಡೆಯೂ ಹೌದು ಎಂಬ ಜ್ಞಾನ ನನಗೆ ನಡುರಸ್ತೆಯಲ್ಲಿ ಪ್ರಾಪ್ತವಾಯಿತು.

ಆಟೋದವನೂ ನಿಲ್ಲಿಸಿ ಬಂದಿದ್ದ. "ಕಡ್ಡಿ ಎಲ್ಲಿ ಮೇಡಂ?"

"ದೇವರಮನೇಲಿದೆ."

"ಆಂ?"

"ಪೂಜೆಗೆ ಕೂತಿದೆ. ನಾಳೆ ಬೆಳಿಗ್ಗೆ ಏಳುತ್ತೆ."

ಅವನು ನನ್ನನ್ನೊಮ್ಮೆ, ಒಳಗೆ ಕೂತಿದ್ದ ಅತ್ತೆಯನ್ನೊಮ್ಮೆ ನೋಡಿ, "ಆಯಿಲ್ ಖಾಲಿಯಾಗಿದ್ರೆ ಓಡಿಸ್ಬೇಡಿ, ಎಂಜಿನ್ ಹೋಗ್ಬಿಡುತ್ತೆ" ಎಂದು ಹೇಳಿ, ಕರೆದ ಗಿರಾಕಿಯ ಕಡೆ ಓಡಿದ.

ಖಾಲಿಯಾಗಿದೆಯೇ? ಅದನ್ನು ನೋಡಲು ಕಡ್ಡಿ ಬೇಕು. ಕಡ್ಡಿ ಮನೆಯಲ್ಲಿದೆ. ಮನೆಗೆ ಕಾರು ಓಡಿಸಬೇಕು. ಓಡಿಸಬೇಕಾದರೆ ಎಣ್ಣೆ ಇದೆಯೇ ಎಂದು ಗೊತ್ತಾಗಬೇಕು. ಗೊತ್ತಾಗಲು ಕಡ್ಡಿ ಬೇಕು! ತಲೆ ಗಿರ್ರೆಂದಿತು. ನಮ್ಮವರಿಗೆ ಫೋನ್ ಮಾಡಿದರೆ ಕಡ್ಡಿ ಬರುತ್ತದೆ, ಹಿಂದೆಯೇ ಕಾರು ಕೊಳ್ಳುವವನೂ ಬರುತ್ತಾನೆ. ಮಾಡದಿದ್ದರೆ ಎಂಜಿನ್ ಸುಟ್ಟು ಗುಜರಿಯವನು ಬರುತ್ತಾನೆ. ನನಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಮೊಬೈಲ್ ತೆಗೆದೆ.

"ಅವನಿಗೆ ಮಾಡ್ಬೇಡ" ಎಂದರು ಅತ್ತೆ, ಕಾರಿನಿಂದ ಇಳಿಯುತ್ತ. "ಕಾರು ಮಾರಿದ್ರೆ ನಾನು ತಂಗೀನ ನೋಡೋಕೆ ಹೆಂಗೆ ಹೋಗ್ಲಿ? ಮೊದಲು ವರ್ಷಕ್ಕೊಂದ್ಸಲ ಹೋಗ್ತಿದ್ದೆ. ನೀನು ಡ್ರೈವಿಂಗ್ ಕಲಿತ ಮೇಲೆ ವಾರವಾರ ಕರ್ಕೊಂಡು ಹೋಗ್ತಿದ್ದೀಯ. ಆ ತೂತು ಎಲ್ಲಿದೆ ತೋರ್ಸು."

ತೋರಿಸಿದೆ. ಅತ್ತೆ ತಾಂಬೂಲದ ಚೀಲಕ್ಕೆ ಕೈಹಾಕಿ, ತಂಗಿಗೆ ಕೊಡಲು ತಂದಿದ್ದ ರವಿಕೆ ಕಣ ಎಳೆದರು. ಯಾರೂ ಹೊಲಿಸದೆ ಮನೆಯಿಂದ ಮನೆಗೆ ದಾಟುತ್ತಲೇ ಇರುವ ಜಾತಿಯ ರವಿಕೆ ಕಣ ಅದು. ಅದರ ಮೂಲೆ ಹರಿದು ಸುರುಳಿ ಸುತ್ತಿ ಕೈಗೆ ಕೊಟ್ಟರು. ಸೆರಗಿನಲ್ಲಿ ಕೈ ಸುತ್ತಿಕೊಂಡು ನಾನು ತೂತಿಗೆ ಬಿಗಿಯಾಗಿ ಗಿಡಿದೆ. ನಾನೇ ಹತ್ತಿರದ ಪೆಟ್ರೋಲ್ ಬಂಕಿಗೆ ಓಡಿ ಒಂದು ಡಬ್ಬ ಆಯಿಲ್ ತಂದೆ.

"ಎಷ್ಟು ಹಾಕ್ಲಿ ಅತ್ತೆ?"

"ನನ್ನ ಕೇಳ್ತೀಯಲ್ಲೇ! ಉಪ್ಪು ಹಾಕಲ್ವಾ, ಹಂಗೆ ಕೈ ಅಂದಾಜಿಗೆ ಹಾಕು."

ಕೈ ಅಂದಾಜು ಡಬ್ಬ ಖಾಲಿಯಾಗುವವರೆಗೂ ನಿಲ್ಲಲಿಲ್ಲ. ಗೊಟ್ಟಿಗೆರೆಗೆ ಫೋನ್ ಮಾಡಿ ಟ್ರಾಫಿಕ್ ಎಂದು ಹೇಳಿ ಮನೆಯ ಕಡೆ ತಿರುಗಿಸಿದೆ. ಮೀಟರಿನ ಪಕ್ಕದಲ್ಲಿ ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪವೊಂದಿದೆ. ಅದು ಹತ್ತಿದರೆ ಎಂಜಿನ್ನಿನ ಕತೆ ಮುಗಿದಂತೆ. ನಾನು ದೀಪ ನೋಡುತ್ತಿದ್ದೆ, ಅತ್ತೆ ರಸ್ತೆ ನೋಡಿ "ಹಂಪು, ಹಂಪು" ಎಂದು ಹೇಳುತ್ತಿದ್ದರು. ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಎದೆ ಎಂಜಿನ್ನಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಹನುಮಂತನಗರದ ಏರು ಹತ್ತಿ ಮನೆ ಮುಂದೆ ನಿಂತಾಗ ನಮ್ಮವರು ಗೇಟಿನಲ್ಲಿ ಆಕಳಿಸುತ್ತ ನಿಂತಿದ್ದರು.

"ಇಷ್ಟು ಬೇಗ ಬಂದ್ಬಿಟ್ರಾ? ಕಾರು ಹೆಂಗೆ ಓಡ್ತು?"

"ಸಖತ್ತಾಗಿ ಓಡ್ತು ಕಣೋ" ಎಂದರು ನಮ್ಮತ್ತೆ. ಹಬ್ಬದ ದಿನ ಸುಳ್ಳು ಹೇಳಬಾರದೆಂದು ನನಗೆ ಬುದ್ಧಿ ಹೇಳುತ್ತಿದ್ದ ಅತ್ತೆ!

ಬೆಳಿಗ್ಗೆ ದೇವರನ್ನು ಕದಲಿಸಿದ ಕೂಡಲೇ ಅತ್ತೆ ಕಡ್ಡಿಯನ್ನು ಸೆರಗಿನಲ್ಲಿ ಮರೆಮಾಡಿ ತಂದುಕೊಟ್ಟರು. ಬಟ್ಟೆ ಕಿತ್ತು, ಕುಂಕುಮ ಒರೆಸಿ, ಹಾಕಿ ಎಳೆದು ನೋಡಿದೆ. ಎಣ್ಣೆ ಮೇಲಿನ ಗುರುತನ್ನು ದಾಟಿ ಬಹಳ ದೂರ ಹತ್ತಿತ್ತು. ಸೋರಿದ್ದು ಸ್ವಲ್ಪ, ಸುರಿದದ್ದು ಸಮುದ್ರ! ಗ್ಯಾರೇಜಿಗೆ ಹೋಗಿ ಇಳಿಸಿಕೊಂಡು ಬಂದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದುಕೊಂಡು ಕಡ್ಡಿ ಸಿಕ್ಕಿಸಿ ಬಾನೆಟ್ ಮುಚ್ಚುವಷ್ಟರಲ್ಲಿ ನಮ್ಮವರು ಬಂದರು. ಮುಖದಲ್ಲಿ ಎಂದೂ ಕಾಣದ ಹೆಮ್ಮೆ.

"ಬೆಳಬೆಳಿಗ್ಗೆ ಆಯಿಲ್ ನೋಡ್ತಿದ್ದೀಯ! ಭೇಷ್. ಕಾರು ಮಾರೋದು ಬೇಡ. ಬಾ, ಎದುರು ಮನೆ ರಾಯರ ಹೊಸ ಕಾರಿಂದೂ ನೋಡ್ಬಿಡು."

ಎದುರು ಮನೆಯ ರಾಯರು ಹಬ್ಬಕ್ಕೆಂದು ತಂದಿದ್ದ ಕಾರು ಬಾಳೆಕಂದು, ಹಾರಗಳಲ್ಲಿ ಮುಚ್ಚಿಹೋಗಿತ್ತು. ನಮ್ಮವರಿಗೆ ತೋರಿಸಲು ಬಾನೆಟ್ ಎತ್ತಿಟ್ಟು ಅವರು ಸಿಹಿ ತರಲು ಒಳಗೆ ಹೋಗಿದ್ದರು. ನಾನು ಬೇಡ ಎಂದೆ. ನಮ್ಮವರು ಕೇಳಲಿಲ್ಲ. ಬಗ್ಗಿ ಹುಡುಕಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕಿತ್ತಳೆ ಬಣ್ಣದ ವೈರುಗಳ ಸಂದಿಯಲ್ಲಿ ನೋಡಿದೆ. ಕಡ್ಡಿಯೇ ಇಲ್ಲ! ಹಿಂದಿನ ದಿನದ ಹೊಗೆಯೆಲ್ಲ ಕಣ್ಮುಂದೆ ಬಂತು. ಅಷ್ಟರಲ್ಲಿ ರಾಯರು ತಟ್ಟೆ ಹಿಡಿದು ಬಂದರು.

"ರಾಯರೇ, ಕಾರು ತೆಗೀಬೇಡಿ!" ಎಂದು ಕೂಗಿದೆ. "ಆಯಿಲ್ ಕಡ್ಡಿ ಇಲ್ಲ. ಮೊದಲು ದೇವರಮನೇಲಿ ನೋಡಿ, ನಮ್ಮತ್ತೆ ಥರ ಯಾರಾದ್ರೂ ಪೂಜೆಗಿಟ್ಟಿರ್ತಾರೆ. ಇಲ್ದಿದ್ರೆ ಸಾರಕ್ಕೀಲಿ ಹೊಗೆ ಬರುತ್ತೆ!"

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ಹೊಳೆಯಿತು. ನಮ್ಮವರು ನಿಧಾನವಾಗಿ ನನ್ನ ಕಡೆ ತಿರುಗಿದರು. ರಾಯರು ತಟ್ಟೆಯನ್ನು ಕೆಳಗಿಟ್ಟು ಹೇಳಿದರು.

"ಮೇಡಂ, ಇದು ಎಲೆಕ್ಟ್ರಿಕ್ ಕಾರು. ಇದಕ್ಕೆ ಎಂಜಿನ್ನೂ ಇಲ್ಲ, ಆಯಿಲ್ಲೂ ಇಲ್ಲ."

ನಮ್ಮವರು ಬಾಯಿ ತೆರೆಯುವ ಮೊದಲೇ ಅತ್ತೆ ಗೇಟಿಗೆ ಬಂದು ನಿಂತರು. "ಮಾರೋ ಹಾಗಿದ್ರೆ ಮಾರು. ವಾರವಾರ ನಿನ್ನ ಸ್ಕೂಟರ್ ಹಿಂದೆ ಕೂತ್ಕೊಂಡು ಗೊಟ್ಟಿಗೆರೆಗೆ ಹೋಗ್ತೀನಿ. ನಿಧಾನಕ್ಕೆ ಓಡಿಸ್ಬೇಕು, ನನಗೆ ಭಯ" ಎಂದರು.

ಕಾರು ಉಳಿಯಿತು. ಓಡಿಸುವ ಹಕ್ಕು ನನ್ನದೇ. ಬಾನೆಟ್ ಮುಟ್ಟುವ ಹಕ್ಕನ್ನು ಮಾತ್ರ ನಮ್ಮವರು ಕಿತ್ತುಕೊಂಡು ಗ್ಯಾರೇಜಿನವರಿಗೆ ಕೊಟ್ಟಿದ್ದಾರೆ. ಅದಕ್ಕೂ ನಾನು ಬೇಸರಪಡುತ್ತಿರಲಿಲ್ಲ. ಆದರೆ ಎದುರು ಮನೆಯ ರಾಯರು ದಿನಾ ಬೆಳಿಗ್ಗೆ ಕಾರಿಗೆ ಚಾರ್ಜರ್ ಸಿಕ್ಕಿಸುವಾಗ ನನ್ನನ್ನು ಕಂಡರೆ ಸಾಕು, ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ:

"ಮೇಡಂ, ಸ್ವಲ್ಪ ಬಂದು ಕರೆಂಟು ಎಷ್ಟಿದೆ ನೋಡ್ತೀರಾ?"