ಪರದೆಯ ಮೇಲಿನ ಕೈ

ಇಂಟರ್‌ನೆಟ್ಟಿಗೆ ಕೆಡಲು ವರ್ಷವಿಡೀ ಪುರುಸೊತ್ತಿತ್ತು. ತಪಾಸಣೆ ಸಮಿತಿಯವರು ಕಾಲೇಜು ನೋಡಲು ಬಂದ ದಿನವೇ ಕೆಟ್ಟು ಕೂತಿತು.

ಬಿಎಸ್ಸಿ ಹುಡುಗರಿಗೆಂದು ಹೊಸದಾಗಿ ಡಿಜಿಟಲ್ ಲ್ಯಾಬ್ ತಂದಿದ್ದರು. ಗೋಡೆಯಗಲದ ಪರದೆ. ಬೆರಳು ತಾಗಿಸಿದರೆ ಸಾಕು, ಅದರೊಳಗಿನ ಉದ್ದ ಗಾಜಿನ ಕೊಳವೆ, ಬ್ಯೂರೆಟ್ಟಿನಿಂದ ಕ್ಷಾರ ತೊಟ್ಟಿಕ್ಕಿ ಫ್ಲಾಸ್ಕಿನ ಆಮ್ಲ ಗುಲಾಬಿಯಾಗುತ್ತಿತ್ತು. ಗಾಜು ಒಡೆಯುವ ಭಯವಿಲ್ಲ, ತೊಳೆಯುವ ರಗಳೆಯಿಲ್ಲ. ಸಮಿತಿ ಇದನ್ನು ಮೆಚ್ಚಿದರೆ ಪಕ್ಕದ ಹಳೇ ಕೆಮಿಸ್ಟ್ರಿ ಲ್ಯಾಬಿಗೆ ಬೀಗ. ಅಲ್ಲಿ ಇಪ್ಪತ್ತೆಂಟು ವರ್ಷ ಗಾಜು ತೊಳೆದು, ದ್ರಾವಣ ಬೆರೆಸಿ ಕೊಟ್ಟ ಅಟೆಂಡರನ್ನು ಎಲ್ಲರೂ ಬ್ಯೂರೆಟ್ ಅಣ್ಣ ಎನ್ನುತ್ತಿದ್ದರು. ಬೀಗ ಬಿದ್ದರೆ ಅವನು ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯಬೇಕು.

ಹಾಗಾಗಿ ಪರದೆ ಕಪ್ಪಾದಾಗ ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು.

"ನಿಜ ಹೇಳು, ಯಾವ ವೈರ್ ಕಿತ್ತೆ?" ಎಂದರು ಪ್ರಿನ್ಸಿಪಾಲರು.

"ನನಗೆ ವೈರ್ ಯಾವುದು, ಬಟ್ಟೆ ಒಣಗಿಸೋ ಹಗ್ಗ ಯಾವುದು ಅಂತಾನೇ ಗೊತ್ತಿಲ್ಲ ಸರ್."

"ನಾನಾಗಿದ್ರೆ ನಿನ್ನೆ ರಾತ್ರೀನೇ ಕಿತ್ತಿರ್ತಿದ್ದೆ" ಎಂದು ಲೈಬ್ರರಿಯನ್ ಮೆಲ್ಲಗೆ ಹೇಳಿದ. ಅವನದು ಯಾವಾಗಲೂ ಕೆಲಸ ಕೆಟ್ಟ ಮೇಲೆ ಬರುವ ಸಲಹೆ.

ಸಮಿತಿಯವರು ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ಏನಾದರೂ ಆಗಬೇಕಿತ್ತು. ಕಂಪ್ಯೂಟರ್ ಮೇಡಂ ಹಳೇ ಲ್ಯಾಬಿನ ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಉದ್ದದ ವೈರನ್ನು ಕಿಟಕಿಯಿಂದ ತೂರಿಸಿ ಪರದೆಗೆ ಸೇರಿಸಿಯೇಬಿಟ್ಟರು.

"ನೀನು ಇಲ್ಲಿ ನಿಜವಾದ ಪ್ರಯೋಗ ಮಾಡು, ಅಲ್ಲಿ ಅದು ಕಾಣುತ್ತೆ. ಹೇಗಾದ್ರೂ ಮರ್ಯಾದೆ ಉಳಿಸಪ್ಪ" ಎಂದರು ಪ್ರಿನ್ಸಿಪಾಲರು. "ಕೊನೇಲಿ ನಿನ್ನ ವಿಷಯ ನಾನೇ ಹೇಳ್ತೀನಿ. ಈ ಲ್ಯಾಬು ಎಲ್ಲಿಗೂ ಹೋಗಲ್ಲ."

ಅಣ್ಣ ಅಂಗಿಯ ತೋಳು ಮಡಿಸಿಕೊಂಡ. ಇಷ್ಟು ವರ್ಷದಲ್ಲಿ ಪ್ರಿನ್ಸಿಪಾಲರು ಅವನನ್ನು ಅಪ್ಪ ಎಂದು ಕರೆದದ್ದು ಇದೇ ಮೊದಲು.

ಬ್ಯೂರೆಟ್ ತುಂಬಿಸಿದ. ಎಡಗೈಯಲ್ಲಿ ತಿರುಪು, ಬಲಗೈಯಲ್ಲಿ ಫ್ಲಾಸ್ಕು. ಕಿಟಕಿಯಾಚೆಯಿಂದ ಸಮಿತಿಯ ಮುಖ್ಯಸ್ಥೆಯ ದನಿ ಕೇಳಿಸಿತು. "ಎಲ್ಲಿ, ಶುರು ಮಾಡಿ."

ಅಲ್ಲಿ ಕಂಪ್ಯೂಟರ್ ಮೇಡಂ ಪರದೆಗೆ ಸುಮ್ಮನೆ ಬೆರಳು ತಾಗಿಸಿದರು. ಇಲ್ಲಿ ಅಣ್ಣ ತಿರುಪು ಸಡಿಲಿಸಿದ. ಹನಿ, ಇನ್ನೊಂದು ಹನಿ, ಅರ್ಧ ಹನಿ. ಮಗುವಿನ ಕೆನ್ನೆಯಂಥ ತಿಳಿ ಗುಲಾಬಿ ಬಂತು.

"ಜಾಸ್ತಿ ಬಿದ್ರೆ?"

ಅಣ್ಣ ಜಾಸ್ತಿ ಬಿಟ್ಟ. ಕಡು ಗುಲಾಬಿಯಾಯಿತು.

"ಮತ್ತೆ ಮೊದಲಿಂದ ತೋರಿಸಿ."

ಅವನು ದಡಬಡಿಸಿ ಬೇರೆ ಫ್ಲಾಸ್ಕು ಎಳೆದುಕೊಂಡ. ಅಷ್ಟರಲ್ಲಿ ನೊಣವೊಂದು ಬಂದು ಹೆಬ್ಬೆರಳ ಮೇಲೆ ಕೂತಿತು. ಓಡಿಸೋಣವೆಂದರೆ ಎರಡು ಕೈಯೂ ಖಾಲಿಯಿಲ್ಲ. ಅಣ್ಣ ಉಸಿರು ಬಿಗಿಹಿಡಿದ.

"ಅಬ್ಬಾ, ನೊಣಾನೂ ಮಾಡಿದಾರಲ್ರೀ" ಎಂದರು ಮುಖ್ಯಸ್ಥೆ. "ಉಗುರು ನೋಡಿ, ಆ್ಯಸಿಡ್ ಕಲೆ ನೋಡಿ. ಥೇಟ್ ಮನುಷ್ಯರ ಕೈಯೇ. ಇಷ್ಟು ಚೆನ್ನಾಗಿರೋ ಕಂಪ್ಯೂಟರ್ ಲ್ಯಾಬ್ ನಾನೆಲ್ಲೂ ನೋಡಿಲ್ಲ. ಇನ್ನು ಆ ಹಳೇದು ಯಾಕೆ? ಈ ತಿಂಗಳೇ ಮುಚ್ಚಿಬಿಡಿ."

ಈಗ ಹೇಳುತ್ತಾರೆ ಎಂದು ಅಣ್ಣ ಕಿವಿಗೊಟ್ಟು ನಿಂತ. ಪ್ರಿನ್ಸಿಪಾಲರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಆಮೇಲೆ "ಆಗಲಿ ಮೇಡಂ" ಎಂದರು.

ಅಣ್ಣನಿಗೆ ಅಳು ಬಂತು. ಇಡೀ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಅವನು ಎಂದೂ ಪ್ರಯೋಗ ಮಾಡಿರಲಿಲ್ಲ.

ಒದ್ದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ಹೊರಗೆ ಬಂದಾಗ ಮುಖ್ಯಸ್ಥೆ ಬಾಗಿಲಲ್ಲೇ ಎದುರಾದರು. "ನೀವು ಯಾರು?"

"ಹಳೇ ಲ್ಯಾಬಿನ ಅಟೆಂಡರ್ ಅಮ್ಮ."

"ಪಾಪ, ಬೇಜಾರು ಮಾಡ್ಕೋಬೇಡಿ. ಒಳಗೆ ಹೋಗಿ ಒಂದ್ಸಲ ಆ ಪರದೆ ನೋಡಿ. ಕೈ ಅಂದ್ರೆ ಹಾಗಿರಬೇಕು. ನಿಮ್ಮಂಥವರು ಮೊದಲೇ ಅಷ್ಟು ನೀಟಾಗಿ ಕೆಲಸ ಮಾಡಿದ್ರೆ ಆ ಲ್ಯಾಬು ಮುಚ್ಚೋ ಗತಿ ಯಾಕೆ ಬರ್ತಿತ್ತು?"

ಅಣ್ಣ ಪ್ರಿನ್ಸಿಪಾಲರ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು.

"ಹೌದಮ್ಮ" ಎಂದು ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ.