ಆರೂವರೆ ಅಡಿಯ ಅಪ್ಪ

ಬೇಸ್‌ಬಾಲ್ ಆಡುವ ಹುಡುಗನೊಬ್ಬ ಮುಂದೆ ಎಷ್ಟು ಜೋರಾಗಿ ಚೆಂಡು ಎಸೆದಾನು ಎಂಬುದನ್ನು ನಿರ್ಧರಿಸಲು ಅವನ ತಂದೆಯ ಎತ್ತರವನ್ನು ನೋಡತಕ್ಕದ್ದು. ಇದು ಮೂಢನಂಬಿಕೆಯಲ್ಲ, ಕಾರ್ಯವಿಧಾನ. ನನಗೆ ಇದನ್ನು ಮೊದಲು ಹೇಳಿದವಳು ನಮ್ಮೂರು ಕಾಟನ್ ಫೋರ್ಕ್‌ನಲ್ಲಿ ಹೆಂಗಸರ ಕೂದಲು ಕತ್ತರಿಸುವ ಮೇವಿಸ್. ಆಗ ನನ್ನ ತಲೆ ಅವಳ ಒಂದು ಕೈಯಲ್ಲಿತ್ತು, ಇನ್ನೊಂದರಲ್ಲಿ ಕತ್ತರಿಯಿತ್ತು. ಆದ್ದರಿಂದ ನಾನು ಆಕ್ಷೇಪ ಎತ್ತಲಿಲ್ಲ.

ಒಕ್ಲಹೋಮಾದ ನಮ್ಮ ಭಾಗದಲ್ಲಿ ಶಾಲಾ ಹುಡುಗರನ್ನು ದೊಡ್ಡ ಕ್ಲಬ್ಬುಗಳು ಬೇಸಿಗೆಯಲ್ಲಿ ಆರಿಸಿಕೊಳ್ಳುತ್ತವೆ. ಅದಕ್ಕೆ ಮುಂಚೆ, ಚಳಿಗಾಲದಲ್ಲಿ, ಕ್ಲಬ್ಬಿನ ಪರೀಕ್ಷಕರು ಹುಡುಗನ ಮನೆಗೆ ಊಟಕ್ಕೆ ಬರುತ್ತಾರೆ. ಹುಡುಗನ ಆಟವನ್ನು ಮೈದಾನದಲ್ಲಿ ನೋಡಿಯಾಗಿರುತ್ತದೆ. ಮನೆಯಲ್ಲಿ ನೋಡುವುದು ಅಪ್ಪನನ್ನು. ಹುಡುಗ ಇನ್ನೆಷ್ಟು ಬೆಳೆಯುತ್ತಾನೆ ಎಂಬುದು ಅಲ್ಲೇ ಕೂತು ಮಾಂಸ ಕತ್ತರಿಸುತ್ತಿರುತ್ತದಲ್ಲ.

ಕೋಲ್ಬಿ ಪ್ರಾಥರ್ ಎಂಬ ಹುಡುಗ ಚೆಂಡು ಎಸೆದರೆ ಎದುರಿನವರು ಬ್ಯಾಟು ಬೀಸುವ ಬದಲು ಪ್ರಾರ್ಥನೆ ಮಾಡುತ್ತಿದ್ದರು. ಅವನ ಎತ್ತರ ಮಾತ್ರ ಐದಡಿ ಐದಿಂಚು. ಪರೀಕ್ಷಕ ಗ್ರೇಡಿ ಲ್ಯಾನಮ್ ತಲೆದೂಗಿ, "ಕೈ ಇದೆ, ಧೈರ್ಯ ಇದೆ. ಇನ್ನು ಅಪ್ಪನ್ನ ನೋಡ್ಬೇಕು," ಎಂದು ಹೇಳಿ ಊಟದ ದಿನ ಗೊತ್ತುಮಾಡಿದರು.

ಕೋಲ್ಬಿಯ ಅಪ್ಪ ರಾಯ್ಸ್ ಊರಿನ ಪ್ಲಂಬರ್. ಮಗನಿಗೆ ಎಸೆಯಲು ಕಲಿಸಿದವನೂ ಅವನೇ. ದಿನಾ ಸಂಜೆ ಶೆಡ್ಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಮಗನ ಚೆಂಡು ಹಿಡಿದೂ ಹಿಡಿದೂ ಅವನ ಎರಡು ಬೆರಳು ಸೊಟ್ಟಗಾಗಿದ್ದವು. ಕೂತಾಗ ಅವನು ಎಷ್ಟು ಎತ್ತರವೋ ನಿಂತಾಗಲೂ ಹೆಚ್ಚುಕಡಿಮೆ ಅಷ್ಟೇ ಎಂದು ಊರವರ ಹೇಳಿಕೆ.

ಹೆಂಡತಿ ನೆಲ್ಡಾ ಅವನನ್ನು ಕೂರಿಸಿಕೊಂಡು ಹೇಳಿದಳು: "ರಾಯ್ಸ್, ನೀನು ಬಂಗಾರದಂಥ ಮನುಷ್ಯ. ಆದ್ರೆ ಗಿಡ್ಡ."

"ಮದುವೆ ದಿನ ಕಾಣ್ಲಿಲ್ವಾ?"

"ಅವತ್ತು ನಾನು ನಿನ್ನನ್ನ ನೋಡಿದ್ದು, ಕ್ಲಬ್ಬಿನವರಲ್ಲ. ಹುಡುಗನ ಕೈಗೆ ಬಂದಿದ್ದು ನಿನ್ನಿಂದ ತಪ್ಪಿಹೋಗ್ಬೇಕಾ, ಹೇಳು."

ರಾಯ್ಸ್ ಸೊಟ್ಟ ಬೆರಳು ನೋಡಿಕೊಂಡ. "ಹಾಗಾದ್ರೆ ನನ್ನ ಜಾಗಕ್ಕೆ ಯಾರನ್ನ ಕರೀತೀಯ?"

"ಆರ್ವಿಸ್‌ನ."

ಆರ್ವಿಸ್ ಟ್ಯಾಕೆಟ್ ಶವಸಂಸ್ಕಾರದ ಅಂಗಡಿಯವರು. ಆರೂವರೆ ಅಡಿ, ಮದುವೆಯಿಲ್ಲ, ಒಳ್ಳೆಯ ಕರಿ ಸೂಟು. ಪರರ ಮನೆಯಲ್ಲಿ ಮನೆಯವರಿಗಿಂತ ಹೆಚ್ಚು ಮನೆಯವರಂತೆ ನಿಲ್ಲುವುದು ಅವರ ವೃತ್ತಿಯೇ ಆದ್ದರಿಂದ ತರಬೇತಿ ಬೇಕಾಗಲಿಲ್ಲ.

ಊಟದ ದಿನ ಆರ್ವಿಸ್ ಮೇಜಿನ ತುದಿಯಲ್ಲಿ, ಯಜಮಾನನ ಜಾಗದಲ್ಲಿ ಕೂತರು. ಮನೆ ಬಿಟ್ಟು ಹೋಗಲು ಮನಸ್ಸಾಗದ ರಾಯ್ಸ್, ಪಕ್ಕದಲ್ಲೇ ಸಿಂಕಿನ ಕೆಳಗೆ ಮಲಗಿ ಪೈಪು ರಿಪೇರಿ ಮಾಡುತ್ತಿದ್ದ.

ಗ್ರೇಡಿ ಆರ್ವಿಸ್‌ರನ್ನು ಎಬ್ಬಿಸಿ ನಿಲ್ಲಿಸಿದರು, ತಿರುಗಿಸಿದರು, ಮಣಿಕಟ್ಟು ಹಿಡಿದು ನೋಡಿದರು. "ಅದ್ಭುತ," ಎಂದರು. ಆಮೇಲೆ ಕೋಲ್ಬಿಯ ಕಡೆ ತಿರುಗಿ, "ಎಸೆಯೋದು ಯಾರು ಕಲಿಸಿದ್ರಪ್ಪಾ?" ಎಂದು ಕೇಳಿದರು.

ಹುಡುಗ ಸುಳ್ಳು ಕಲಿತಿರಲಿಲ್ಲ. ಸಿಂಕಿನ ಕೆಳಗಿದ್ದ ಎರಡು ಕಾಲುಗಳನ್ನು ತೋರಿಸಿದ.

"ಪ್ಲಂಬರಾ?"

ನೆಲ್ಡಾ ಕೈಯಲ್ಲಿದ್ದ ಬಡಿಸುವ ಚಮಚ ನಿಂತಿತು. ಆರ್ವಿಸ್ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಸಂಜೆ ಹೊತ್ತು ನಾನು ಹೆಣಗಳ ಜೊತೆ ಇರ್ತೀನಿ."

ಗ್ರೇಡಿಗೆ ಇದು ಸಮಂಜಸವಾಗಿ ಕಂಡಿತು. ಅವರು ಇನ್ನೊಂದು ತುಂಡು ಪೀಚ್ ಸಿಹಿ ಹಾಕಿಸಿಕೊಂಡರು.

ವಿಷಯ ಮೇವಿಸ್‌ಳ ಕುರ್ಚಿಯಲ್ಲಿ ಕೂತವರಿಗೆಲ್ಲ ಗೊತ್ತಾಯಿತು, ಅಂದರೆ ಊರಿಗೆ ಗೊತ್ತಾಯಿತು. ಮುಂದಿನ ವಾರ ಇನ್ನೊಬ್ಬ ಆಟಗಾರನ ಊಟಕ್ಕೆ ಹೋದರೆ, ಆ ಡನ್‌ಲ್ಯಾಪ್ ಮನೆಯಲ್ಲೂ ಯಜಮಾನನ ಜಾಗದಲ್ಲಿ ಆರ್ವಿಸ್ ಇದ್ದರು. ಗ್ರೇಡಿ ಫೋರ್ಕು ಕೆಳಗಿಟ್ಟರು.

"ಮತ್ತೆ ಸಿಕ್ಕಿದ್ರಿ."

"ಹೂಂ."

"ಇವನೂ ನಿಮ್ಮವನೇನಾ?"

ಆರ್ವಿಸ್ ಚರ್ಚಿನ ಹಿರಿಯರು, ನೇರ ಸುಳ್ಳು ಹೇಳುವವರಲ್ಲ. "ತಾಯಿ ಕರೆದ್ರು, ಬಂದೆ," ಎಂದರು.

ಗ್ರೇಡಿ ಅಂದು ಕ್ಲಬ್ಬಿಗೆ ಕಳಿಸಿದ ವರದಿಯಲ್ಲಿ ಹಗರಣದ ಸುಳಿವೂ ಇರಲಿಲ್ಲ. ಕಾಟನ್ ಫೋರ್ಕ್‌ನಲ್ಲಿ ಅಪರೂಪದ ತಳಿಯೊಂದು ಪತ್ತೆಯಾಗಿದೆ ಎಂದಿತ್ತು. ಕ್ಲಬ್ಬಿನ ಉತ್ತರವೂ ತಕ್ಷಣ ಬಂತು: "ಸದರಿ ಊರಿನಲ್ಲಿ ತಂದೆಯು ಏಕರೂಪವಾಗಿರುವುದರಿಂದ ಪ್ರತ್ಯೇಕ ತಪಾಸಣೆ ಅನಗತ್ಯ. ಲಭ್ಯವಿರುವ ಎಲ್ಲ ಮಕ್ಕಳನ್ನೂ ಪರಿಗಣಿಸತಕ್ಕದ್ದು."

ಪಾದ್ರಿಗಳು ಆ ಭಾನುವಾರ ಶೀಲದ ಬಗ್ಗೆ ಮಾತಾಡಬೇಕಿತ್ತು. ಆದರೆ ಅವರ ಮಗನೂ ಅದೇ ತಂಡದಲ್ಲಿ ಆಡುತ್ತಿದ್ದ. ಆದ್ದರಿಂದ ಬಹು ಸಂತತಿಯ ಪಿತನಾದ ಅಬ್ರಹಾಮನ ಬಗ್ಗೆ ಮಾತಾಡಿದರು. ಆರ್ವಿಸ್ ಮುಂದಿನ ಸಾಲಿನಲ್ಲಿ ತಲೆಬಾಗಿ ಕೇಳಿದರು.

ಆಯ್ಕೆಯ ದಿನ ಶಾಲೆಯ ಒಳಾಂಗಣದಲ್ಲಿ ಇಡೀ ಊರು ಸೇರಿತ್ತು. ಮೊದಲು ಬಂದದ್ದೇ ಕೋಲ್ಬಿಯ ಹೆಸರು. ಕ್ಲಬ್ಬಿನ ಟೋಪಿಯನ್ನು ತಂದೆಯೇ ತಲೆಗಿಡುವುದು ಪದ್ಧತಿ. ವೇದಿಕೆಯ ಮೇಲೆ ಆರ್ವಿಸ್ ಟೋಪಿ ಹಿಡಿದು ನಿಂತಿದ್ದರು. ಕೋಲ್ಬಿ ಮೆಟ್ಟಿಲ ಬಳಿ ನಿಂತು ಹಿಂದೆ ತಿರುಗಿ, ಜನರ ಭುಜಗಳ ನಡುವೆ ಯಾರನ್ನೋ ಹುಡುಕಿದ.

ಹಿಂದಿನಿಂದ ರಾಯ್ಸ್ ಕೂಗಿದ: "ಹೋಗೋ ಮಗನೇ! ಅಲ್ಲಿ ನಿಮ್ಮಪ್ಪ ಕಾಯ್ತಿದಾರೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಲಂಬರನೇ ಹೆಚ್ಚು ಜೋರಾಗಿ ತಟ್ಟಿದ ಎಂದು ಗ್ರೇಡಿ ಗಮನಿಸಿ, ನೆಲ್ಡಾ ಬಳಿ ಹೊಗಳಿದರಂತೆ.

ಎರಡು ಬೇಸಿಗೆ ಕಳೆದವು. ಕೋಲ್ಬಿಯ ಚೆಂಡನ್ನು ಅಲ್ಲಿಯೂ ಯಾರಿಗೂ ಮುಟ್ಟಲಾಗಲಿಲ್ಲ. ಆದರೆ ಹುಡುಗ ಅದೇ ಐದಡಿ ಐದಿಂಚು. ಕ್ಲಬ್ಬು ಕಳವಳಗೊಂಡಿತು. ಬೆಳೆಯದ ಹುಡುಗನನ್ನು ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ ಎಂದು ಸಭೆ ಕೂತಿತು. ತಂದೆಯನ್ನು ಅಳೆದವರು ಅವರೇ ಆದ್ದರಿಂದ ತಪ್ಪು ತಂದೆಯಲ್ಲಿರಲು ಸಾಧ್ಯವಿರಲಿಲ್ಲ. ಉಳಿದದ್ದು ಹುಡುಗ ಕುಡಿದು ಬೆಳೆದ ಮನೆಯ ನೀರು. ತಜ್ಞರೊಬ್ಬರನ್ನು ಕರೆದುಕೊಂಡು ಗ್ರೇಡಿ ಪ್ರಾಥರ್ ಮನೆಗೆ ಬಂದರು. ಸಿಂಕಿನ ಕೆಳಗೆ ಬಗ್ಗಿ ನೋಡಿ, ಪ್ಲಂಬರನನ್ನು ಕರೆಸಲು ಹೇಳಿದರು.

ಪ್ಲಂಬರ್ ಮಲಗುವ ಕೋಣೆಯಿಂದ ಬಂದ.

"ನೋಡಪ್ಪಾ," ಗ್ರೇಡಿ ಅಂದರು, "ಅಂಥಾ ಅಪ್ಪನಿಗೆ ಹುಟ್ಟಿದ ಹುಡುಗ ಉದ್ದ ಆಗ್ಲಿಲ್ಲ. ಪೈಪಲ್ಲೇ ಏನೋ ಕೆಟ್ಟದ್ದಿತ್ತು ಅಂತ ನಮ್ಮ ಅನುಮಾನ. ನಿಜ ಹೇಳಿದ್ರೆ ಹುಡುಗನ ಕೆಲಸ ಉಳಿಯುತ್ತೆ. ಅವನು ಗಿಡ್ಡ ಆಗಿದ್ದಕ್ಕೆ ಕಾರಣ ನೀನೇನಾ?"

ರಾಯ್ಸ್ ನೆಲ್ಡಾಳನ್ನು ನೋಡಿದ. ನೆಲ್ಡಾ ಕಿಟಕಿಯಾಚೆ ನೋಡಿದಳು.

"ಹೌದು ಸಾರ್," ಎಂದ ರಾಯ್ಸ್. "ಪೂರ್ತಿ ನಾನೇ ಕಾರಣ."

ಪ್ರಾಮಾಣಿಕತೆಯನ್ನು ಮೆಚ್ಚಿ ಕ್ಲಬ್ಬು ಅವನಿಗೆ ಬರೀ ಎಚ್ಚರಿಕೆ ಕೊಟ್ಟಿತು. ಪೈಪು ಬದಲಾಯಿಸಲು ಆದೇಶಿಸಿ, ಕೋಲ್ಬಿಯ ಬೆಳವಣಿಗೆಯನ್ನು ಮುಂದೂಡಲಾಗಿದೆ ಎಂದು ಘೋಷಿಸಿ, ಅವನನ್ನು ಉಳಿಸಿಕೊಂಡಿತು. ಈಗ ಅವನು ಊರಿಗೆ ಬಂದಾಗಲೆಲ್ಲ ಹೊಸ ಪೈಪಿನ ನೀರು ಕುಡಿದು, ಸಂಜೆ ಶೆಡ್ಡಿನ ಹಿಂದೆ ಪ್ಲಂಬರನಿಗೆ ಚೆಂಡು ಎಸೆಯುತ್ತಾನೆ. ಅಪ್ಪಂದಿರ ದಿನ ಬಂದಾಗ ಇಡೀ ತಂಡ ಆರ್ವಿಸ್ ಅಂಗಡಿಗೆ ಕೇಕು ಕಳಿಸುತ್ತದೆ. ರಾಯ್ಸ್ ತಾನೇ ಒಯ್ದು ಕೊಟ್ಟು ಬರುತ್ತಾನೆ.

ನಿಮ್ಮ ಪರಿಚಯದಲ್ಲಿ ಚೆನ್ನಾಗಿ ಚೆಂಡು ಎಸೆಯುವ ಮಗನಿರುವ ಗಿಡ್ಡ ತಂದೆ ಯಾರಾದರೂ ಇದ್ದರೆ ದಯವಿಟ್ಟು ಅವರ ಕಿವಿಗೆ ಇದನ್ನು ಹಾಕಿ. ಊರಲ್ಲಿ ಸಾವಿಲ್ಲದ ದಿನ ಆರ್ವಿಸ್ ಬಿಡುವಾಗಿರುತ್ತಾರೆ.